ಗೆರೆಯ ಒಳಗೆ ಯಾರು, ಹೊರಗೆ ಯಾರು? ಕುದುರೆಮುಖದ ಕಾಡಿನ ಚರಿತ್ರೆ

ಕಾಡು ಉಳಿಯಬೇಕು ಎಂಬ ಮಾತಿಗೆ ಈಗ ಯಾರೂ ಎದುರಾಡುವುದಿಲ್ಲ. ಮಂತ್ರಿಗಳು ಹೇಳುತ್ತಾರೆ, ಕಂಪನಿಯವರು ಹೇಳುತ್ತಾರೆ, ಶಾಲೆಯ ಮಕ್ಕಳು ಜಾಥಾದಲ್ಲಿ ಕೂಗುತ್ತಾರೆ. ನಾವೂ ಹೇಳುತ್ತೇವೆ. ಆದರೆ ಯಾರ ಕೈಯಿಂದ ಉಳಿಸಬೇಕು, ಯಾರಿಗಾಗಿ ಉಳಿಸಬೇಕು ಎಂದು ಕೇಳಿದ ಕೂಡಲೇ ದನಿಗಳು ಒಡೆಯುತ್ತವೆ. ಈ ಪ್ರಶ್ನೆಗೆ ಉತ್ತರ ಬೇಕಾದರೆ ಭಾಷಣ ಸಾಲದು, ಚರಿತ್ರೆ ನೋಡಬೇಕು. ಕರ್ನಾಟಕದಲ್ಲಿ ಮಳೆಕಾಡನ್ನು ಉಳಿಸಲೆಂದು ಮಾಡಿದ ದೊಡ್ಡ ರಾಷ್ಟ್ರೀಯ ಉದ್ಯಾನ ಕುದುರೆಮುಖ. ಅದರ ಗಡಿಯನ್ನು ಹೇಗೆ ಎಳೆದರು, ಗಡಿಯೊಳಗೆ ಯಾರು ಸಿಕ್ಕರು, ಗಡಿಯಿಂದ ಯಾರು ತಪ್ಪಿಸಿಕೊಂಡರು ಎಂಬುದನ್ನು ನೋಡುವುದೇ ಈ ಬರಹದ ಕೆಲಸ.

"ನೀವು ಬೋನಾಳ ಕಡಿಯವರು. ಜಾಲಿ ಮುಳ್ಳು ಬಿಟ್ರ ನಿಮ್ಮಲ್ಲಿ ಏನದ? ಮಲೆನಾಡಿನ ಕಾಡಿನ ಉಸಾಬರಿ ನಿಮಗ್ಯಾಕ?" ಎಂದು ಯಾರಾದರೂ ಕೇಳಬಹುದು. ಕೇಳಲಿ. ನಮ್ಮ ಸುರಪುರ ಸೀಮೆಯ ಬೋನಾಳದಲ್ಲಿ ಒಂದು ದೊಡ್ಡ ಕೆರೆ ಇದೆ. 17ನೇ ಶತಮಾನದಲ್ಲಿ ಸುರಪುರದ ನಾಯಕರ ಕಾಲದಲ್ಲಿ ಕಟ್ಟಿದ್ದು. 1842ರಿಂದ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅದನ್ನು ಸುಧಾರಿಸಿದ. ನಾಯಕರ ಹೆಸರು ಚರಿತ್ರೆಯಲ್ಲಿದೆ, ಟೇಲರನ ಹೆಸರೂ ಇದೆ. ಮಣ್ಣು ಹೊತ್ತವರ ಹೆಸರು ಮಾತ್ರ ಯಾವ ಕಾಗದದಲ್ಲೂ ಇಲ್ಲ. ಇಂದು ಆ ಕೆರೆ ಪಕ್ಷಿಧಾಮ. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಬಾತುಗಳು ಬರುತ್ತವೆ, ನೋಡುವವರು ಕ್ಯಾಮೆರಾ ಹಿಡಿದು ಬರುತ್ತಾರೆ. ಹಕ್ಕಿ ಬರಲಿ, ನಮಗೂ ಸಂತೋಷ. ಆದರೆ ದನಕ್ಕೆ ನೀರು ಕುಡಿಸುವವರು, ಬಲೆ ಬೀಸುವವರು, ಜೇಕು ಕೊಯ್ಯುವವರು ಇರುವ ಯಾವ ಕೆರೆಯ ಸುತ್ತಲೂ ನಾಳೆ ಇನ್ನೊಂದು ಬಿಗಿಯಾದ ಗೆರೆ ಬೀಳಬಹುದು. ಕುದುರೆಮುಖದಲ್ಲಿ ಗೆರೆ ಎಳೆದ ಕಾಯಿದೆಯೇ ಇಲ್ಲೂ ಇರುವುದು. ಅದಕ್ಕೇ ಅಲ್ಲಿಯ ಕಥೆ ನಮಗೂ ಬೇಕು.

ಇನ್ನೊಂದು ಕಾರಣವೂ ಉಂಟು. ನಮ್ಮದು ಬೇಡರ ನಾಡು. ಬೇಟೆ ಈ ಜನರ ಬದುಕಾಗಿತ್ತು, ಸೈನಿಕ ವೃತ್ತಿಯೂ ಅವರದಾಗಿತ್ತು, ಅವರಲ್ಲೇ ಅರಸರೂ ಹುಟ್ಟಿದರು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿರೆಂದು ಕಾಯಿದೆ ತಂದಾಗ ಮುಧೋಳ ಸೀಮೆಯ ಹಲಗಲಿ ಬೇಡರು ಒಪ್ಪಲಿಲ್ಲ. ಊರು ಸುಟ್ಟರು, ಹಿಡಿದವರನ್ನು ಗಲ್ಲಿಗೇರಿಸಿದರು. ಮರುವರ್ಷ ಸುರಪುರದ ವೆಂಕಟಪ್ಪ ನಾಯಕನೂ ಹೋದ, ಸಂಸ್ಥಾನ ನಿಜಾಮನ ಪಾಲಾಯಿತು. ಬೇಡನ ಕೈಯ ಕೋವಿ ಅಪರಾಧವಾದ ಆ ಕಾಲದಲ್ಲೇ ದೊರೆಗಳ ಕೋವಿ, ಸಾಹೇಬರ ಕೋವಿ ಶೌರ್ಯದ ಗುರುತಾಯಿತು. ಹೊಟ್ಟೆಗೆ ಮೊಲ ಹೊಡೆದವನು ಕಳ್ಳ, ಗೋಡೆಗೆ ಹುಲಿಯ ತಲೆ ನೇತುಹಾಕಿದವನು ಶಿಕಾರಿ. ಈ ಭೇದ ನೆನಪಿನಲ್ಲಿರಲಿ. ನಮ್ಮ ರಾಷ್ಟ್ರೀಯ ಉದ್ಯಾನಗಳ ಬೇರು ಇಲ್ಲಿದೆ.

ಬಂಡೀಪುರವನ್ನೇ ನೋಡಿರಿ. 1931ರಲ್ಲಿ ಮೈಸೂರು ಮಹಾರಾಜರು ಅಲ್ಲಿ 90 ಚದರ ಕಿಲೋಮೀಟರ್ ಕಾಡನ್ನು ಅಭಯಾರಣ್ಯ ಮಾಡಿದರು. 1941ರಲ್ಲಿ ಅದು ಸುಮಾರು 800 ಚದರ ಕಿಲೋಮೀಟರಿನ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ಅರಸರ ಶಿಕಾರಿಯ ಕಾಡೇ ಪ್ರಾಣಿಗಳ ಆಶ್ರಯವಾಯಿತು, 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಅರಸೊತ್ತಿಗೆ ಹೋದರೂ ಕಾಡನ್ನು ನೋಡುವ ಕಣ್ಣು ಅರಸನದೇ ಉಳಿಯಿತು. ಮೇಲಿನವನು ಕಾಯುವವನು, ಕೆಳಗಿನವನು ಕದಿಯುವವನು ಎಂಬ ಕಣ್ಣು ಅದು.

ಈ ಕಣ್ಣು ನಮ್ಮ ದೇಶದ್ದು ಮಾತ್ರವಲ್ಲ. ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಹೊಗಳಿಸಿಕೊಳ್ಳುವ ಅಮೆರಿಕದ ಯೆಲ್ಲೋಸ್ಟೋನ್ 1872ರಲ್ಲಿ ಆದದ್ದು. ಮನುಷ್ಯ ಮುಟ್ಟದ ನಾಡು ಎಂದು ಅದನ್ನು ವರ್ಣಿಸಿದರು. ಅಲ್ಲಿ ಷೊಷೋನಿ ಮೊದಲಾದ ಮೂಲನಿವಾಸಿಗಳು ತಲೆತಲಾಂತರದಿಂದ ಓಡಾಡಿಕೊಂಡಿದ್ದರು, ಅವರನ್ನು ಹೊರಗಟ್ಟಿದ ಮೇಲೆ ಆ ನಾಡು ಮನುಷ್ಯ ಮುಟ್ಟದ್ದಾಯಿತು. 1886ರಿಂದ ಕಾವಲಿಗೆ ಸೈನ್ಯವೇ ಬಂತು. ಆಫ್ರಿಕಾದ ಕಾಂಗೋದಲ್ಲಿ ಮೊಬುಟು 1970ರಲ್ಲಿ ಸಲೊಂಗ ಉದ್ಯಾನ ಮಾಡಿದ. ಸುಮಾರು 36,000 ಚದರ ಕಿಲೋಮೀಟರ್ ಮಳೆಕಾಡು, ಕರ್ನಾಟಕದ ಸುಮಾರು ಐದನೆಯ ಒಂದು ಪಾಲಿನಷ್ಟು. ಹಳ್ಳಿ ಹಳ್ಳಿಗಳೇ ಜಾಗ ಬಿಡಬೇಕಾಯಿತು. ಇಯಾಲಿಮಾ ಎಂಬ ಜನ ಮಾತ್ರ ಒಳಗೇ ಉಳಿದರು. ಅವರಿರುವ ಕಡೆ ಬೊನೊಬೊ ಎಂಬ ಅಪರೂಪದ ವಾನರ ಇಂದಿಗೂ ಬಾಳುತ್ತಿದೆ. ಜನ ಇದ್ದರೆ ಪ್ರಾಣಿ ಉಳಿಯದು ಎನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಈಗ ಕುದುರೆಮುಖಕ್ಕೆ ಬರೋಣ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಈ ಮೂರು ಜಿಲ್ಲೆಗಳು ಕೂಡುವ ಕಡೆ ಪಶ್ಚಿಮಘಟ್ಟ ಗೋಡೆಯಂತೆ ಎದ್ದು ನಿಂತಿದೆ. ಕುದುರೆಯ ಮುಖದಂತೆ ಕಾಣುವ ಶಿಖರದ ಎತ್ತರ ಸುಮಾರು 1,890 ಮೀಟರ್. ಕಡಲಿನಿಂದ ಬಂದ ಮೋಡ ಇಲ್ಲಿ ಢಿಕ್ಕಿ ಹೊಡೆದು ಸುರಿಯುತ್ತದೆ. ನಮ್ಮ ಸುರಪುರದಲ್ಲಿ ಹತ್ತು ವರ್ಷಕ್ಕೆ ಬೀಳುವಷ್ಟು ಮಳೆ ಅಲ್ಲಿ ಒಂದೆರಡು ವರ್ಷದಲ್ಲೇ ಬೀಳುತ್ತದೆ. ಮೇಲೆ ಹುಲ್ಲಿನ ಬೋಳು ಗುಡ್ಡ, ಗುಡ್ಡಗಳ ಸಂದಿನಲ್ಲಿ ದಟ್ಟ ಸೋಲೆ ಕಾಡು, ಇಳಿಜಾರಿನಲ್ಲಿ ಎಲೆ ಉದುರದ ಹೆಮ್ಮರಗಳು. ಹುಲ್ಲು ಮತ್ತು ಸೋಲೆ ಸ್ಪಂಜಿನ ಹಾಗೆ ನೀರು ಹೀರಿಕೊಂಡು ಬೇಸಿಗೆಯಲ್ಲಿ ತೊಟ್ಟು ತೊಟ್ಟಾಗಿ ಬಿಡುತ್ತವೆ. ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುತ್ತವೆ. ತುಂಗೆ ಭದ್ರೆ ಕೂಡಿ ಹರಿದ ನೀರೇ ಮುಂದೆ ರಾಯಚೂರು ಜಿಲ್ಲೆಯ ಸಿಂಧನೂರು, ಮಾನ್ವಿಯ ಗದ್ದೆಗೆ ಬರುವುದು. ಕೃಷ್ಣೆ ದಾಟಿ ಅಲ್ಲಿ ಭತ್ತದ ಕೂಲಿಗೆ ಹೋಗುವ ನಮ್ಮ ಮಂದಿಯ ತುತ್ತಿಗೂ ಆ ಕಾಡಿಗೂ ನಂಟುಂಟು.

ಈ ಕಾಡಿನಲ್ಲಿ ಮಲೆಕುಡಿಯರು ಇದ್ದರು, ಇದ್ದಾರೆ. ಮಲೆಯಲ್ಲಿ ಕುಳಿತವರು, ಸರ್ಕಾರದ ಪಟ್ಟಿಯಲ್ಲಿ ಪರಿಶಿಷ್ಟ ಪಂಗಡ. ಕುಮರಿ ಕಡಿದು ರಾಗಿ ಬೆಳೆದವರು. ಜೇನು, ಸೀಗೆ, ರಾಮಪತ್ರೆ ಕೂಡಿಸಿ ಕೆಳಗಿನ ಸಂತೆಗೆ ಹೊತ್ತವರು, ಬುಟ್ಟಿ ಹೆಣೆದವರು. ಏಲಕ್ಕಿ ಮಲೆಗಳಲ್ಲಿ ಧಣಿಗಳಿಗೆ ದುಡಿದವರು. ಬ್ರಿಟಿಷರ ಅರಣ್ಯ ಇಲಾಖೆ ಮೊದಲು ಕೈ ಹಾಕಿದ್ದು ಇವರ ಕುಮರಿಗೆ. ಮರ ಸುಡುತ್ತಾರೆ, ಕಾಡು ಹಾಳು ಎಂದು ನಿಷೇಧ ಹೇರಿದರು. ಅದೇ 19ನೇ ಶತಮಾನದಲ್ಲಿ ಸಾಹೇಬರ ಕಾಫಿ ತೋಟಗಳಿಗಾಗಿ ಮಲೆನಾಡಿನ ಇಳಿಜಾರುಗಳು ಬೋಳಾದವು, ರೈಲ್ವೆ ಸ್ಲೀಪರಿಗೆ ಮರ ಉರುಳಿತು. ಕುಡಿಯನ ಕತ್ತಿ ಕಾಡನ್ನು ಹಾಳು ಮಾಡಿತಂತೆ, ಸಾಹೇಬನ ಗರಗಸ ಅಭಿವೃದ್ಧಿ ಮಾಡಿತಂತೆ! ಕುಮರಿ ಹೋದ ಮೇಲೆ ಕುಡಿಯ ತನ್ನ ನೆಲದಲ್ಲೇ ಕೂಲಿಯಾದ. 1974ರಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾನೂನು ಜಾರಿಗೆ ಬಂತು. ಗೇಣಿದಾರರಿಗೆ ಭೂಮಿ ಸಿಕ್ಕಿತು. ಆದರೆ ಆ ಕಾನೂನು ನೋಡಿದ್ದು ಗೇಣಿ ಚೀಟಿಯನ್ನು. ಅರಣ್ಯ ಇಲಾಖೆಯ ನೆಲದಲ್ಲಿ ಚೀಟಿಯಿಲ್ಲದೆ ಬದುಕಿದವನಿಗೆ ಅದರಲ್ಲಿ ಬಾಗಿಲೇ ಇರಲಿಲ್ಲ.

ಕಾಡಿನ ಹೊಟ್ಟೆಯಲ್ಲಿ ಕಬ್ಬಿಣ ಇದೆ ಎಂಬುದನ್ನು ಮೈಸೂರು ಭೂಗರ್ಭ ಇಲಾಖೆಯ ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಅರವತ್ತು ವರ್ಷ ಆ ಅದಿರು ಮಲಗಿತ್ತು. ಅದನ್ನು ಎಬ್ಬಿಸಿದವನು ಇರಾನಿನ ಶಹ. 1975ರ ನವೆಂಬರಿನಲ್ಲಿ ಒಪ್ಪಂದವಾಯಿತು. 21 ವರ್ಷಗಳಲ್ಲಿ 15 ಕೋಟಿ ಟನ್ ಅದಿರಿನ ಪುಡಿಯನ್ನು ಇರಾನ್ ಕೊಳ್ಳಬೇಕು, ಗಣಿ ಕಟ್ಟಲು 63 ಕೋಟಿ ಡಾಲರ್ ಸಾಲ ಕೊಡಬೇಕು. ದೇಶದಲ್ಲಿ ಆಗ ತುರ್ತು ಪರಿಸ್ಥಿತಿ. ಯಾರನ್ನು ಕೇಳುವುದು, ಯಾರು ಹೇಳುವುದು? 1976ರ ಏಪ್ರಿಲಿನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಅದಿರಿನಲ್ಲಿ ಕಬ್ಬಿಣ ಇದ್ದದ್ದು ನೂರಕ್ಕೆ 38ರಷ್ಟು ಮಾತ್ರ. ಬೆಟ್ಟವನ್ನು ಒಡೆದು, ಅರೆದು, ಭದ್ರೆಯ ನೀರಿನಲ್ಲಿ ತೊಳೆದು, ಕಬ್ಬಿಣದ ರಾಡಿಯನ್ನು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸಬೇಕು. ಉಳಿದ ಕೆಸರನ್ನು ನಿಲ್ಲಿಸಲು ಲಖ್ಯಾ ಹೊಳೆಗೆ ಅಡ್ಡಲಾಗಿ ಅಣೆಕಟ್ಟು. ಅರ್ಧಕ್ಕಿಂತ ಹೆಚ್ಚು ಬೆಟ್ಟ ಕೆಸರಾಗಿ ಕಣಿವೆಯಲ್ಲಿ ಕುಳಿತಿತು.

1979ರಲ್ಲಿ ಇರಾನಿನ ಜನ ಶಹನನ್ನು ಓಡಿಸಿದರು. ಹೊಸ ಸರ್ಕಾರ ಅದಿರು ಬೇಡವೆಂದಿತು. ಕೊಳ್ಳುವವನಿಲ್ಲದೆಯೇ 1980ರಲ್ಲಿ ಗಣಿ ಸಿದ್ಧವಾಯಿತು, ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿಕೊಂಡು ಹೋಯಿತು. ಒಬ್ಬ ದೊರೆಯ ಉಕ್ಕಿನ ಕನಸಿಗಾಗಿ ಅಗೆದ ಬೆಟ್ಟ ಮತ್ತೆ ಮುಚ್ಚಿಕೊಳ್ಳಲಿಲ್ಲ.

ಇದೇ ಕಾಲಕ್ಕೆ ನೆರೆಯ ಕೇರಳದಲ್ಲಿ ಸೈಲೆಂಟ್ ವ್ಯಾಲಿಯ ಹೋರಾಟ ನಡೆದಿತ್ತು. ವಿದ್ಯುತ್ತಿಗಾಗಿ ಮಳೆಕಾಡನ್ನು ಮುಳುಗಿಸುವ ಯೋಜನೆಯನ್ನು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಊರೂರಿಗೆ ಹೋಗಿ ವಿರೋಧಿಸಿತು. ಕೊನೆಗೆ ಯೋಜನೆ ನಿಂತು 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಆ ಹೋರಾಟದ ಗುರುತಾದದ್ದು ಸಿಂಗಳೀಕ. ಮುಖದ ಸುತ್ತ ಬಿಳಿ ಜೂಲು, ಬಾಲದ ತುದಿಗೆ ಕುಚ್ಚು ಇರುವ ಕಪ್ಪು ಮಂಗ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕಿಳಿಯುವುದು ಕಡಿಮೆ. ವರ್ಷವಿಡೀ ಒಂದಲ್ಲ ಒಂದು ಮರ ಹಣ್ಣು ಕೊಡಬೇಕು, ಕೊಂಬೆಗೆ ಕೊಂಬೆ ತಾಗಬೇಕು. ನಡುವೆ ತೋಟವೋ ರಸ್ತೆಯೋ ಬಂದರೆ ಅದರ ಲೋಕ ಎರಡು ತುಂಡು. ಕರ್ನಾಟಕದಲ್ಲಿ 1983-84ರಲ್ಲಿ ಉಲ್ಲಾಸ ಕಾರಂತರು ಸಿಂಗಳೀಕದ ಸಮೀಕ್ಷೆ ಮಾಡಿದರು. ಕುದುರೆಮುಖದ ಸುತ್ತಲಿನ ಕಾಡು ಅದಕ್ಕೆ ದೊಡ್ಡ ಆಸರೆ, ಇದನ್ನು ಕಾಪಾಡಬೇಕು ಎಂದರು. 1987ರ ಸೆಪ್ಟೆಂಬರಿನಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡುವ ಉದ್ದೇಶವನ್ನು ಸರ್ಕಾರ ಪ್ರಕಟಿಸಿತು. ಸಮೀಕ್ಷೆ ಮಾಡಿದವರ ಕಾಳಜಿಯಲ್ಲಿ ನಮಗೆ ಅನುಮಾನವಿಲ್ಲ. ಮಂಗ ಉಳಿಯಬೇಕು. ಮಂಗನಿಗೆ ಗಣಿಯೂ ಬೇಡ, ರಸ್ತೆಯೂ ಬೇಡ ಎಂದು ವಿಜ್ಞಾನ ಹೇಳಿದ್ದು ಸರಿಯೇ. ನಮ್ಮ ತಕರಾರು ಗೆರೆಯ ಬಗ್ಗೆ.

ಉದ್ಯಾನ ಅಂದರೆ ತೋಟ. ತೋಟಕ್ಕೆ ಮಾಲೀಕ ಇರುತ್ತಾನೆ, ಬೇಲಿ ಇರುತ್ತದೆ, ಬೇಡದ ಕಳೆಯನ್ನು ಕೀಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಎರಡು ಬಗೆಯ ಗೆರೆಗಳಿವೆ. ಅಭಯಾರಣ್ಯವಾದರೆ ಜನರ ಕೆಲವು ಹಕ್ಕುಗಳನ್ನು ಜಿಲ್ಲಾಧಿಕಾರಿ ಉಳಿಸಬಹುದು. ರಾಷ್ಟ್ರೀಯ ಉದ್ಯಾನವಾದರೆ ಒಳಗಿನ ಹಕ್ಕುಗಳೆಲ್ಲ ಸರ್ಕಾರಕ್ಕೆ ಸೇರಬೇಕು. ದನ ಮೇಯಿಸುವಂತಿಲ್ಲ, ಜೇನು ತೆಗೆಯುವಂತಿಲ್ಲ. ಮೊದಲು ಉದ್ದೇಶದ ಪ್ರಕಟಣೆ, ನಂತರ ಹಕ್ಕುಗಳ ವಿಚಾರಣೆ, ಕೊನೆಗೆ ಅಂತಿಮ ಅಧಿಸೂಚನೆ. ಕುದುರೆಮುಖದಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ 14 ವರ್ಷ ಕಳೆಯಿತು. 1987ರಲ್ಲಿ ಹುಟ್ಟಿದ ಕೂಸು ಹೈಸ್ಕೂಲು ಸೇರುವಷ್ಟು ಕಾಲ. ಆ 14 ವರ್ಷ ಒಳಗಿನ ಜನ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ರಸ್ತೆ ಕೇಳಿದರೆ ಉದ್ಯಾನ. ವಿದ್ಯುತ್ ಕೇಳಿದರೆ ಉದ್ಯಾನ. ಹೊಳೆಗೆ ಕಾಲುಸಂಕ ಕೇಳಿದರೂ ಉದ್ಯಾನ. ಬಸುರಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಇಳಿಯುವ ದಾರಿಗೆ ಮಾತ್ರ ಯಾವ ಕಾಯಿದೆಯೂ ಅಡ್ಡ ಬರಲಿಲ್ಲ.

ಅದೇ 14 ವರ್ಷ ಗಣಿ ನಡೆಯಿತು. ಅದಕ್ಕೆ ರಸ್ತೆ ಇತ್ತು, ವಿದ್ಯುತ್ ಇತ್ತು, ಆಸ್ಪತ್ರೆ, ಶಾಲೆ, ಮಲ್ಲೇಶ್ವರವೆಂಬ ಕಾಲೊನಿ ಇತ್ತು. ಕಂಪನಿಯ 30 ವರ್ಷದ ಗುತ್ತಿಗೆ 1999ರಲ್ಲಿ ಮುಗಿದರೂ ಯಂತ್ರಗಳು ನಿಲ್ಲಲಿಲ್ಲ. 2001ರ ಜೂನಿನಲ್ಲಿ ಅಂತಿಮ ಅಧಿಸೂಚನೆ ಹೊರಟಾಗ ಗಣಿಯ ಗುತ್ತಿಗೆ ನೆಲದ ದೊಡ್ಡ ಪಾಲು ಗೆರೆಯ ಹೊರಗಿತ್ತು. ಕಾಡಿನ ನಡುವೆಯೇ ಇರುವ ಗಣಿ ಕಾಗದದಲ್ಲಿ ಕಾಡಿನ ಹೊರಗೆ ಹೋಯಿತು. ಮಲೆಕುಡಿಯರ ಮನೆಗಳು ಒಳಗೇ ಉಳಿದವು. ಇದು ಯಾವ ನ್ಯಾಯರೀ? ಬೆಟ್ಟ ತಿನ್ನುವ ಯಂತ್ರಕ್ಕೆ ದಾರಿ ಬಿಡುವ ಗೆರೆ ಸೀಗೆಕಾಯಿ ಆಯುವ ಮುದುಕಿಯ ಕಾಲಿಗೆ ಸುತ್ತಿಕೊಂಡಿತು. ಗೆರೆ ಎಳೆಯುವವನ ಕೈ ಯಾರ ಮುಂದೆ ಬಾಗುತ್ತದೆ, ಯಾರ ಮೇಲೆ ಏಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಗಣಿ ಕೊನೆಗೂ ನಿಂತಿತು. ನಿಲ್ಲಿಸಲು ಬಡಿದಾಡಿದವರನ್ನು ನಾವು ಮರೆಯಬಾರದು. ಊರೂರಿನ ಹೋರಾಟಗಾರರು, ಭದ್ರೆಯ ನೀರು ಕೆಂಪಾದುದನ್ನು ಕಂಡ ರೈತರು ದನಿ ಎತ್ತಿದರು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ಕೋರ್ಟು ತೀರ್ಪು ಕೊಟ್ಟಿತು. ಅಗೆದ ಜಾಗದಲ್ಲಿ ಉಳಿದ ಅದಿರು ಮುಗಿಯಲಿ, 2005ಕ್ಕೆ ಗಣಿ ಬಂದ್ ಆಗಲಿ. 2005ರ ಡಿಸೆಂಬರ್ 31ಕ್ಕೆ ಗಣಿ ಬಂದ್ ಆಯಿತು. ಕಾಡಿಗೆ ಅದು ಗೆಲುವೇ. ಆದರೆ ಕಂಪನಿಗೆ ಹೋಗಲು ಮೂರು ವರ್ಷದ ಪುರಸತ್ತು ಸಿಕ್ಕಿತು. ಗುತ್ತಿಗೆ ಕೂಲಿಕಾರರಿಗೆ ಸಿಕ್ಕಿದ್ದು ಖಾಲಿ ಕಾಲೊನಿ.

ಗಣಿಯ ಕೇಸು ಮುಗಿಯುವ ಹೊತ್ತಿಗೆ ಕಾಡಿಗೆ ಕೋವಿ ಬಂದಿತ್ತು. ಒಕ್ಕಲೆಬ್ಬಿಸುತ್ತಾರೆಂಬ ಭಯ ಹರಡಿದ ಹಳ್ಳಿಗಳಲ್ಲಿ ನಕ್ಸಲೀಯರು ಕಾಲೂರಿದರು. 2003ರ ನವೆಂಬರಿನಲ್ಲಿ ಕಾರ್ಕಳ ಬಳಿಯ ಈದುವಿನಲ್ಲಿ ಹಾಜಿಮಾ, ಪಾರ್ವತಿ ಎಂಬ ಇಬ್ಬರು ಹೆಣ್ಣುಮಕ್ಕಳು ಪೊಲೀಸರ ಗುಂಡಿಗೆ ಸತ್ತರು. 2005ರ ಫೆಬ್ರವರಿಯಲ್ಲಿ ಸಾಕೇತ್ ರಾಜನ್ ಸತ್ತರು. ಕರ್ನಾಟಕದ ಚರಿತ್ರೆಯನ್ನು ಜನರ ಕಡೆಯಿಂದ ಬರೆಯಲು ಹೊರಟವರು ಅವರು. ಪೊಲೀಸರಿಗೆ ಸುದ್ದಿ ಕೊಟ್ಟರೆಂದು ನಕ್ಸಲೀಯರು ಕಾಡಿನ ಬಡವರನ್ನೇ ಕೊಂದದ್ದೂ ನಡೆಯಿತು. ಎರಡೂ ಕೋವಿಗಳ ನಡುವೆ ನಿಂತವರು ಮಲೆಕುಡಿಯರು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲೀಯರು ಬೆಂಗಳೂರಿಗೆ ಬಂದು ಮುಖ್ಯಮಂತ್ರಿಯ ಎದುರು ಶರಣಾದರು. ಕೋವಿ ಕೆಳಗಿಳಿಯಿತು. ಕೋವಿಗಿಂತ ಮುಂಚೆ ಇದ್ದ ಪ್ರಶ್ನೆಗಳು ಇಳಿದಿಲ್ಲ.

ಒಂದು ಪ್ರಕರಣ ಹೇಳದೆ ಮುಂದೆ ಹೋಗಲಾಗದು. ಉದ್ಯಾನದೊಳಗಿನ ಕುತ್ಲೂರಿನ ಮಲೆಕುಡಿಯ ಹುಡುಗನೊಬ್ಬ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ. 2012ರ ಮಾರ್ಚಿನಲ್ಲಿ ಅವನನ್ನೂ ಅವನ ತಂದೆಯನ್ನೂ ನಕ್ಸಲ್ ನಂಟಿನ ಆರೋಪದ ಮೇಲೆ ಹಿಡಿದರು. ಸಿಕ್ಕ ಸಾಕ್ಷಿ ಏನು? ಭಗತ್ ಸಿಂಗನ ಪುಸ್ತಕ, ಪತ್ರಿಕೆಯ ತುಣುಕುಗಳು, ನಮ್ಮ ಊರಿಗೆ ಮೂಲ ಸೌಕರ್ಯ ಕೊಡುವ ತನಕ ಚುನಾವಣೆ ಬಹಿಷ್ಕರಿಸಬೇಕು ಎಂಬ ಕಾಗದ. 2021ರ ಅಕ್ಟೋಬರಿನಲ್ಲಿ ಮಂಗಳೂರಿನ ಕೋರ್ಟು ಅಪ್ಪ ಮಗ ಇಬ್ಬರನ್ನೂ ಬಿಡುಗಡೆ ಮಾಡಿತು. ಒಂಬತ್ತೂವರೆ ವರ್ಷ! ರಸ್ತೆ ಕೇಳುವ ಅಕ್ಷರವೇ ಅಪರಾಧವಾದ ಕಥೆ ಇದು. ಅಕ್ಷರ ಕಲಿತ ಮೊದಲ ತಲೆಮಾರಿನವರಾದ ನಮಗೆ ಇದರ ಉರಿ ಬೇಗ ತಾಗುತ್ತದೆ.

ಹಾಗಾದರೆ ಉದ್ಯಾನವೇ ಬೇಡವೇ? ನಾವು ಹಾಗೆ ಹೇಳುವುದಿಲ್ಲ. ಗೆರೆ ಇಲ್ಲದಿದ್ದರೆ ಕಂಪನಿ, ರೆಸಾರ್ಟು, ಮರದ ವ್ಯಾಪಾರಿ ಮೂವರೂ ಒಳಗೆ ನುಗ್ಗುತ್ತಾರೆ. ಗೆರೆ ಇದ್ದ ಕಡೆಯೇ ನುಗ್ಗಿಲ್ಲವೇ? ನಾಗರಹೊಳೆಯಲ್ಲಿ ಜೇನುಕುರುಬರನ್ನು ಹಾಡಿಯಿಂದ ಎಬ್ಬಿಸುತ್ತಿದ್ದ ಹೊತ್ತಿಗೇ ಕಾಡಿನೊಳಗೆ ತಾಜ್ ಗುಂಪಿನ ಹೋಟೆಲು ಏಳತೊಡಗಿತ್ತು. ಆದಿವಾಸಿಗಳೇ ಎದ್ದು ನಿಂತರು, 1997ರಲ್ಲಿ ಹೈಕೋರ್ಟು ಅದನ್ನು ತಡೆಯಿತು. ಕಾಡಿನ ಗೆರೆಯನ್ನು ಅಲ್ಲಿ ಕಾಯ್ದವರು ಗೆರೆಯೊಳಗಿನ ಜನರೇ ಎಂಬುದನ್ನು ಬರೆದಿಟ್ಟುಕೊಳ್ಳಬೇಕು.

ಬೇರೆ ದಾರಿಗಳೂ ಇವೆ. ಬ್ರೆಜಿಲಿನಲ್ಲಿ 1961ರಲ್ಲಿ ಶಿಂಗು ಎಂಬ ದೊಡ್ಡ ಉದ್ಯಾನ ಮಾಡಿದಾಗ ಕಾಡನ್ನೂ ಅಲ್ಲಿಯ ಬುಡಕಟ್ಟುಗಳನ್ನೂ ಒಂದೇ ಗೆರೆಯೊಳಗೆ ಕಾಪಾಡಲು ಹೊರಟರು. ಅದೇ ದೇಶದ ರಬ್ಬರು ಕೂಲಿಕಾರ ಚಿಕೊ ಮೆಂಡೆಸ್, ಕಾಡು ನಿಂತರೆ ನಮ್ಮ ಕೂಲಿ ನಿಲ್ಲುತ್ತದೆ ಎಂದು ಸಂಘ ಕಟ್ಟಿ ಜಾನುವಾರು ಜಮೀನ್ದಾರರನ್ನು ಎದುರಿಸಿದ. 1988ರಲ್ಲಿ ಅವನನ್ನು ಕೊಂದರು. 1990ರಲ್ಲಿ ಅವನ ಹೆಸರಿನಲ್ಲೇ ಒಂದು ಕಾಡನ್ನು ಮೀಸಲಿಟ್ಟರು. ಮರ ಕಡಿಯದೆ ರಬ್ಬರು, ಕಾಯಿ ತೆಗೆಯುವ ಹಕ್ಕು ಅಲ್ಲಿಯ ಕೂಲಿಕಾರರಿಗೇ. ನಮ್ಮಲ್ಲಿ 2006ರಲ್ಲಿ ಅರಣ್ಯ ಹಕ್ಕು ಕಾಯಿದೆ ಬಂತು. 2005ರ ಡಿಸೆಂಬರ್ 13ಕ್ಕೆ ಮುಂಚೆ ಕಾಡಿನಲ್ಲಿ ಬದುಕಿದ ಆದಿವಾಸಿಗೆ ನೆಲದ ಹಕ್ಕು, ಕಿರು ಉತ್ಪನ್ನದ ಹಕ್ಕು, ಕಾಡನ್ನು ಕಾಯುವ ಹಕ್ಕು. ರಾಷ್ಟ್ರೀಯ ಉದ್ಯಾನಕ್ಕೂ ಇದು ಅನ್ವಯಿಸುತ್ತದೆ. ನಿರ್ಧರಿಸಬೇಕಾದದ್ದು ಗ್ರಾಮಸಭೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಮೀಸಲು ಕಾಡಿನೊಳಗೇ ಸಮುದಾಯ ಹಕ್ಕು ಪಡೆದರು. ಅವರಿಗೆ ಆದದ್ದು ಮಲೆಕುಡಿಯರಿಗೆ ಯಾಕಾಗಬಾರದು?

2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆ ಎಂದಿತು, ಅದರಲ್ಲಿ ಕುದುರೆಮುಖವೂ ಒಂದು. ವಿಶ್ವಕ್ಕೆಲ್ಲ ಪರಂಪರೆಯಾದ ಕಾಡು ಅಲ್ಲೇ ಹುಟ್ಟಿದವನಿಗೆ ಪರಸ್ಥಳವಾಗಬಾರದು. ಚಾರಣಕ್ಕೆ ಬಂದವನು ಟಿಕೆಟ್ ತೆಗೆದುಕೊಂಡು ಗುಡ್ಡ ಹತ್ತಿ ಸಂಜೆಗೆ ಇಳಿಯುತ್ತಾನೆ. ಕುಡಿಯನ ಮುಂದೆ ಮಾತ್ರ ಪರಿಹಾರದ ಹಣದ ಲೆಕ್ಕ ಇಟ್ಟು, ಸ್ವಇಚ್ಛೆಯಿಂದ ಹೊರಡು ಎನ್ನುತ್ತಾರೆ. ಹೋಗುವವರು ಹೋಗಲಿ. ಮಕ್ಕಳ ಓದಿಗೆ, ಆಸ್ಪತ್ರೆಗೆ ಕೆಳಗೆ ಇಳಿಯಬೇಕೆಂಬ ಆಸೆ ತಪ್ಪಲ್ಲ. ಆದರೆ ರಸ್ತೆ ಕೊಡದೆ, ದೀಪ ಕೊಡದೆ, ಕೇಸು ಹಾಕಿ, ಬೇಸತ್ತು ಕೈ ಚಾಚಿದಾಗ ಅದನ್ನು ಇಚ್ಛೆ ಎಂದು ಕರೆಯುವುದು ಮೋಸ.

ನಮ್ಮ ಬೇಡಿಕೆ ಸಣ್ಣದು. ಯಾವ ಕಾಡಿಗೆ, ಯಾವ ಕೆರೆಗೆ ಗೆರೆ ಎಳೆಯುವುದಿದ್ದರೂ ನಕಾಶೆ ಮೊದಲು ಆ ಊರಿನ ಗ್ರಾಮಸಭೆಯ ಮುಂದೆ ಬರಲಿ, ಕನ್ನಡದಲ್ಲಿ ಬರಲಿ. ಓದಲು ಬಾರದವರಿಗೆ ಓದಿ ಹೇಳಲಿ. ಗೆರೆಯೊಳಗೆ ಗಣಿ, ರೆಸಾರ್ಟು ಇದ್ದರೆ ಮೊದಲು ಅವು ಹೊರಡಲಿ. ಹಕ್ಕಿನ ವಿಚಾರಣೆ ಮುಗಿಯದೆ ಕೊನೆಯ ಸಹಿ ಬೀಳದಿರಲಿ. ಕುದುರೆಮುಖದಲ್ಲಿ ಇದೆಲ್ಲ ತಲೆಕೆಳಗಾಗಿ ನಡೆಯಿತು, ಅದಕ್ಕೇ ಅಷ್ಟು ಹೆಣ ಬಿದ್ದವು. ಬೋನಾಳದ ಮಂದಿ, ಶಹಾಪುರದ ಮಂದಿ, ಸುರಪುರದ ಮಂದಿ ಈ ಕಥೆಯನ್ನು ತಮ್ಮ ಮಕ್ಕಳಿಗೆ ಹೇಳಬೇಕು. ನಾಳೆ ಯಾರಾದರೂ ಹಗ್ಗ ಹಿಡಿದುಕೊಂಡು ಅಳೆಯಲು ಬಂದರೆ, "ನಕಾಶಿ ತೋರಸ್ರಿ ಸಾಹೇಬ್ರ, ಒಳಗ ಯಾರು ಅದಾರ, ಹೊರಗ ಯಾರು ಅದಾರ?" ಎಂದು ಕೇಳುವ ಧೈರ್ಯ ಆ ಮಕ್ಕಳಿಗೆ ಇರಬೇಕು.